ಸಂಕಪ್ಪ ಎಸೆದ ಬಜೆ ಬೇರು

ಬನ್ನಿ, ಒತ್ತಾಗಿ ಕೂತ್ಕೊಳ್ಳಿ. ಗಲಾಟೆ ಮಾಡೋರು ಹಿಂದಕ್ಕೆ ಹೋಗಿ. ಕಲ್ಲುಬೆಟ್ಟದ ಈಚೆಗೆ ಒಂದು ರಾಜ್ಯ ಇತ್ತಂತೆ. ಅಲ್ಲಿನ ರಾಜ ಒಳ್ಳೆಯವನೇ, ಆದ್ರೆ ಒಂದ್ಸಲ ಪೆಟ್ಟು ತಿಂದು ಹೆದರಿದ್ದ.

ಏನಾಗಿತ್ತು ಅಂದ್ರೆ, ಒಂದು ವರ್ಷ ಪರದೇಶದ ಮೂಟೆಗಳ ಜೊತೆ ಹುಳ ಬಂತು. ಕಣಜ ಹೊಕ್ತು, ಜೋಳ ತಿಂತು, ಬರೀ ಹೊಟ್ಟು ಉಳಿಸ್ತು. ಮಕ್ಕಳು ಹಸಿದು ಅತ್ತವು. ರಾಜನೂ ತಿಳಿಗಂಜಿ ಕುಡಿದ. ಆ ಸಂಕಟದಲ್ಲೇ ಒಂದು ಕಟ್ಟಳೆ ಮಾಡಿದ. "ಜೀವಂತ ಇರಲಿ, ಸತ್ತಿರಲಿ, ಹೊರಗಿನ ಹುಳ ಸುಂಕದ ಕಟ್ಟೆ ದಾಟಬಾರದು. ಬಂದದ್ದನ್ನ ಅಲ್ಲೇ ಸುಡಬೇಕು."

ಬೆಟ್ಟದ ಆಚೆ ದ್ಯಾವಕ್ಕನ ಹಟ್ಟಿ. ಎಲ್ಲಿ ನೋಡಿದ್ರೂ ಬಂಡೆ, ಜೋಳ ಬೆಳೆಯೋ ಮಣ್ಣಿಲ್ಲ. ಆದ್ರೆ ಮಳೆ ಬಿದ್ರೆ ಸಾಕು, ಗಿಡದ ತುಂಬಾ ಹಸಿರು ಬೆನ್ನಿನ ಜೀರ್ಜಿಂಬೆ. ಮೊಟ್ಟೆ ಇಟ್ಟು ತಾವಾಗೇ ಸತ್ತು ಉದುರ್ತಿದ್ವು. ಹಟ್ಟಿ ಹೆಂಗಸರು ಉದುರಿದ್ದನ್ನಷ್ಟೇ ಆರಿಸಿ, ಒಣಗಿಸಿ, ಬೆಂಡಿನ ಮೇಲೆ ಮುಳ್ಳು ಚುಚ್ಚಿ ಪೆಟ್ಟಿಗೇಲಿ ಜೋಡಿಸೋರು. ರಾಜಧಾನಿ ಶಾಲೆ ಮೇಷ್ಟ್ರು ಮಕ್ಕಳಿಗೆ ತೋರಿಸೋಕೆ ಅದನ್ನ ತಗೊಂಡು ಜೋಳ ಕೊಡೋರು. ಹಟ್ಟಿ ವರ್ಷವೆಲ್ಲ ಉಣ್ತಿದ್ದದ್ದು ಆ ಜೋಳಾನೇ.

ಪ್ರತಿ ಪೆಟ್ಟಿಗೆ ಮೂಲೇಲೂ ಒಂದು ಬಜೆ ಬೇರು. ಕೂಸಿಗೆ ತೇದು ನೆಕ್ಕಿಸ್ತಾರಲ್ಲ, ಅದೇ. ಆ ಘಾಟು ಇಲ್ದಿದ್ರೆ ಸಣ್ಣ ಹುಳ ಸೇರಿ ಸತ್ತ ಹುಳಾನ ತಿಂದು ಪುಡಿ ಮಾಡ್ತವೆ.

ಕಟ್ಟಳೆ ಆದ್ಮೇಲೆ ದ್ಯಾವಕ್ಕ ಮೊದಲ ಪೆಟ್ಟಿಗೆ ಹೊತ್ತು ಬಂದ್ಲು. ಸುಂಕದ ಕಟ್ಟೆ ಕಾಯೋ ಸಂಕಪ್ಪ ಕೈ ಅಡ್ಡ ಹಿಡಿದ.

"ಕಟ್ಟಳೆ ಗೊತ್ತಿಲ್ವೇನಮ್ಮ? ಇಡು ಇಲ್ಲಿ, ಸುಡಬೇಕು."

"ಇವು ಸತ್ತಿರೋವು, ಧಣಿ."

"ಸತ್ರೂ ಹುಳ ಹುಳಾನೇ."

ಅವಳು ಪೆಟ್ಟಿಗೇನ ಎದೆಗೆ ಅವಚ್ಕೊಂಡ್ಲು. ಆದ್ರೂ ಕಟ್ಟಳೆ ಕಟ್ಟಳೇನೇ ಅಂತ ಪೆಟ್ಟಿಗೆ ಇಟ್ಟು ಹೋದ್ಲು. ಹಟ್ಟೀಲಿ ಆವತ್ತು ಗೆಡ್ಡೆ ಬೇಯಿಸಿದ್ರು.

ಎರಡನೇ ಪೆಟ್ಟಿಗೆ ತಂದ್ಲು. ಅದನ್ನೂ ಕಿತ್ಕೊಂಡ. "ನನ್ನ ಕಣ್ಣೆದುರೇ ಸುಡಿ, ಧಣಿ" ಅಂದ್ಲು. "ಹೊಗೆ ಕೆಟ್ಟದ್ದು, ನಡಿ ನಡಿ" ಅಂತ ಅಟ್ಟಿದ. ಹೋಗ್ತಾ ಹೋಗ್ತಾ ಅವಳ ಕಣ್ಣು ಕಟ್ಟೆ ಪಕ್ಕದ ಚರಂಡಿಗೆ ಬಿತ್ತು. ಅಲ್ಲಿ ಮೊದಲ ಪೆಟ್ಟಿಗೆಯ ಬಜೆ ಬೇರು ಬಿದ್ದಿತ್ತು. ಸುಡೋನು ಎಲ್ಲ ಸೇರಿಸಿ ಸುಡ್ತಾನೆ, ಬೇರು ಯಾಕೆ ಆರಿಸಿ ಎಸೀತಾನೆ? ದ್ಯಾವಕ್ಕನಿಗೆ ಅಲ್ಲೇ ಹೊಳೀತು. ಈ ಪುಣ್ಯಾತ್ಮ ಪೆಟ್ಟಿಗೇನ ಮನೆಗೆ ಸಾಗಿಸ್ತಿದಾನೆ. ಬಜೆ ಘಾಟು ಬಂದ್ರೆ ಬೀದಿಗೆಲ್ಲ ಗೊತ್ತಾಗುತ್ತೆ ಅಂತ ಬೇರು ಬಿಸಾಕ್ತಾನೆ. ಬೇರು ಇಲ್ದ ಪೆಟ್ಟಿಗೆ ಏನಾಗುತ್ತೆ ಅಂತ ಗೊತ್ತಿದ್ದ ಅವಳಿಗೆ ಅಳು, ನಗು ಎರಡೂ ಬಂತು.

ಮೂರನೇ ಪೆಟ್ಟಿಗೇನೂ ತಂದು ಕೊಟ್ಲು. "ಧಣಿ, ಆ ಬೇರು ಮಾತ್ರ ತೆಗೀಬೇಡಿ" ಅಂತ ಕೈಮುಗಿದು ಹೇಳಿದ್ಲು.

"ನಂಗೇ ಬುದ್ಧಿ ಹೇಳ್ತೀಯಾ?" ಅಂತ ಅವನು ಅವಳೆದುರೇ ಬೇರು ಕಿತ್ತು ಎಸೆದ. ಹೇಳಿದ್ದಾಯ್ತಪ್ಪ ಅಂದ್ಕೊಂಡು ಅವಳು ಹೋದ್ಲು.

ಮಳೆಗಾಲ ಕಳೀತು. ಹಟ್ಟೀಲಿ ಗೆಡ್ಡೇನೂ ಮುಗೀತು. ದ್ಯಾವಕ್ಕ ಸೀದಾ ರಾಜನ ಮುಂದೆ ನಿಂತ್ಲು. ಸುಂಕದ ಲೆಕ್ಕ ಒಪ್ಪಿಸೋಕೆ ಬಂದಿದ್ದ ಸಂಕಪ್ಪನೂ ಅಲ್ಲೇ ಇದ್ದ.

"ಮಹಾಸ್ವಾಮಿ, ನಿಮ್ಮ ಕಟ್ಟಳೆ ಮೇಲೆ ನಂಗೆ ಸಿಟ್ಟಿಲ್ಲ. ನಿಮ್ಮ ಕಣಜಕ್ಕೆ ಹುಳ ಬಿದ್ದ ವರ್ಷ ನಾವೂ ಉಪವಾಸ ಇದ್ವಿ. ಆದ್ರೆ ಈ ಸಂಕಪ್ಪನವರ ಮನೇಲಿ ಜೀವಂತ ಹುಳ ಐತೆ."

ಸಂಕಪ್ಪ ನಕ್ಕ. ಸತ್ತ ಜೀರ್ಜಿಂಬೆ ಎದ್ದು ಓಡಾಡ್ತಾವಾ ಅಂತ ಅವನ ಲೆಕ್ಕ. "ಎಲ್ಲ ಸುಟ್ಟಿದೀನಿ ಪ್ರಭು. ನಮ್ಮನೇಲಿ ಒಂದು ಜೀವಂತ ಹುಳ ಸಿಕ್ರೂ ನಾನು ಈ ಕೆಲಸಕ್ಕೆ ಲಾಯಕ್ಕಲ್ಲ" ಅಂದ.

"ಹಾಗಾದ್ರೆ ನಡಿ, ನೋಡೋಣ" ಅಂದ ರಾಜ.

ಅಟ್ಟದ ಮೇಲೆ ಹೆಂಡತಿಯ ರೇಷ್ಮೆ ಸೀರೆ ಪೆಟಾರಿ. ಮುಚ್ಚಳ ತೆಗೆದ್ರು. ಸೀರೆಗಳ ಮಧ್ಯೆ ಜೀರ್ಜಿಂಬೆ ಪೆಟ್ಟಿಗೆಗಳು. ಒಳಗೆ ಜೀರ್ಜಿಂಬೆ ಎಲ್ಲಿದೆ? ಪುಡಿ, ಮುಳ್ಳು, ಚೂರು ಚೂರು ಹಸಿರು ರೆಕ್ಕೆ. ಅದರ ಮೇಲೆ ಮೈತುಂಬಾ ಕೂದಲಿರೋ ಸಣ್ಣ ಹುಳ ಮಿಜಿಗುಡ್ತಿದ್ವು. ಸೀರೆಗಳೂ ಜರಡಿ ಆಗಿದ್ವು. ಪರದೇಶದ ವ್ಯಾಪಾರಿ ಬಂದಾಗ ಮಾರ್ಕೊಳ್ಳೋಣ ಅಂತ ಬಚ್ಚಿಟ್ಟಿದ್ದ ಸಂಕಪ್ಪ ತಲೆ ಕೆಳಗೆ ಹಾಕಿದ.

ದ್ಯಾವಕ್ಕ ಒಂದು ಚೂರು ರೆಕ್ಕೆ ಎತ್ಕೊಂಡ್ಲು. ಹಟ್ಟಿಯವರ ಶ್ರಮವೆಲ್ಲ ಹಿಂಗಾಯ್ತಲ್ಲ ಅಂತ ಕಣ್ಣಲ್ಲಿ ನೀರು ಬಂತು. ಗೆದ್ದರೂ ಅತ್ಲು, ಪಾಪ.

ರಾಜ ಅದನ್ನ ನೋಡಿದ. "ನಾನು ಹೆದರಿಕೇಲಿ ಎಲ್ಲಾನೂ ಒಂದೇ ಹಗ್ಗದಲ್ಲಿ ಕಟ್ಟಿಬಿಟ್ಟೆ ತಾಯಿ" ಅಂದ. "ಇನ್ಮೇಲೆ ಪೆಟ್ಟಿಗೆ ಎಲ್ಲರ ಎದುರಿಗೆ ತೆಗೀಲಿ. ಸತ್ತು ಒಣಗಿದ್ದು, ಬಜೆ ಇಟ್ಟಿದ್ದು ಒಳಗೆ ಬರಲಿ. ಜೀವಂತ ಹುಳ ಮಾತ್ರ ಬೇಡ. ಈ ವರ್ಷದ ಜೋಳ ನನ್ನ ಕಣಜದಿಂದ ಹೋಗುತ್ತೆ. ಹೊರೋನು ಸಂಕಪ್ಪ."

ಸಂಕಪ್ಪ ಮೂಟೆ ಹೊತ್ತು ಬೆಟ್ಟ ಹತ್ತಿದ. ಏದುಸಿರು ಬಿಡ್ತಾ ಹಟ್ಟೀಲಿ ಮೂಟೆ ಇಳಿಸಿದ. ಹೆಂಗಸರು ಜೋಳ ಬೀಸಿದ್ರು, ರೊಟ್ಟಿ ತಟ್ಟಿದ್ರು. ದ್ಯಾವಕ್ಕ ಮೊದಲ ಬಿಸಿ ರೊಟ್ಟೀನ ಅವನ ಕೈಗೇ ಕೊಟ್ಲು. "ಉಣ್ಣಿ ಧಣಿ, ಹಸಿದಿದೀರಿ" ಅಂದ್ಲು. ಪಕ್ಕದಲ್ಲೇ ಒಂದು ಬಡಕಲು ಕೂಸು ಆ ರೊಟ್ಟೀನೇ ನೋಡ್ತಿತ್ತು. ಸಂಕಪ್ಪ ರೊಟ್ಟಿ ಮುರಿದು ಕೂಸಿನ ಕೈಗಿಟ್ಟ.

ನೋಡ್ರಪ್ಪ ಮಕ್ಕಳೇ, ಕಟ್ಟಳೆ ಇರೋದು ಜನರ ಅನ್ನ ಕಾಯೋಕೆ. ಕಾವಲಿಗೆ ನಿಂತವನು ಅದರ ಹೆಸರಲ್ಲಿ ಕದ್ರೆ, ಕಟ್ಟಳೆ ಯಾವ ಹುಳಕ್ಕೆ ಹೆದರ್ತಿತ್ತೋ ಅದು ಅವನ ಮನೇಲೇ ಹುಟ್ಟುತ್ತೆ. ಏಳಿ ಈಗ, ಕೈ ತೊಳ್ಕೊಳ್ಳಿ. ರೊಟ್ಟಿ ಆರ್ತೈತೆ.