ಹೊಳೆಯಾಚೆಯ ಹುಳ

ಹೊಟ್ಟೆಯಲ್ಲಿ ಹುಳವಾದರೆ ಕಹಿಮರದ ತೊಗಟೆ ಅಗಿಯುವುದು ಹೊಳೆಯ ಎರಡೂ ದಡದ ಕೋತಿಗಳ ಮದ್ದು. ಈಚೆ ದಡದ ಹಿರಿಯ ಕೋತಿ ದುಂಡವ್ವ ನೋವಿಲ್ಲದವರನ್ನು ಆ ಮರದ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಆಚೆಯವರು ಮಾತ್ರ ಹಸಿವು ಹೆಚ್ಚಲೆಂದು ದಿನವೂ ಚೂರು ಚೂರು ಅಗಿಯುತ್ತಿದ್ದರು. ‘ಅವರ ಹೊಟ್ಟೆ, ಅವರ ಪಾಡು’ ಎಂದು ದುಂಡವ್ವ ಸುಮ್ಮನಿದ್ದಳು.

ಒಂದು ದಿನ ಅವಳ ಮೊಮ್ಮಗನಿಗೆ ಹೊಟ್ಟೆನೋವು ಬಂತು. ಎಷ್ಟು ತೊಗಟೆ ತಿನ್ನಿಸಿದರೂ ನೋವು ಇಳಿಯಲಿಲ್ಲ. ದುಂಡವ್ವ ಮರಿಯ ಹೊಟ್ಟೆಗೆ ಕಿವಿಯಿಟ್ಟು ಕೇಳಿದಳು: “ಯಾರಪ್ಪ ನೀನು, ನಮ್ಮ ಮದ್ದಿಗೆ ಜಗ್ಗದವನು?”

“ಆಚೆ ದಡದಲ್ಲಿ ಹುಟ್ಟಿದವನು,” ಎಂದಿತು ಹುಳ. “ಅಲ್ಲಿ ಈ ಕಹಿಯನ್ನು ಚೂರು ಚೂರೇ ಉಣಿಸಿ ನನಗೆ ರೂಢಿ ಮಾಡಿಸಿದರು. ತಾಯಿ, ಹೊಳೆ ನಿಮಗೆ ಗಡಿ, ನನಗೆ ದಾರಿ.”

ದುಂಡವ್ವ ಮರಿಯನ್ನು ಅವುಚಿಕೊಂಡು ಹೊಳೆ ದಾಟಿದಳು. ಆಚೆಯ ಹಿರಿಯಳು ಸಿದ್ದಜ್ಜಿ ತೊಗಟೆ ಅಗಿಯುತ್ತಲೇ ಗುರ್ರೆಂದಳು: “ನಮ್ಮ ತೊಗಟೆ ನಾವು ತಿಂದರೆ ನಿನಗೇನು ಕಷ್ಟ?”

ದುಂಡವ್ವ ಜಗಳವಾಡಲಿಲ್ಲ. ಮರಿಯನ್ನು ಅವಳ ಮಡಿಲಲ್ಲಿ ಮಲಗಿಸಿ, “ನೀನೇ ಕೇಳು” ಎಂದಳು.

ಸಿದ್ದಜ್ಜಿ ಕಿವಿಯಿಟ್ಟು ಕೇಳಿದಳು. ಹುಳ ಅದೇ ಮಾತು ಹೇಳಿತು. ಆಮೇಲೆ ಬಾಯಲ್ಲಿದ್ದ ತೊಗಟೆಯನ್ನು ಉಗಿದು, ತನ್ನವರು ಬಚ್ಚಿಟ್ಟಿದ್ದ ಬೇರೆ ಗಿಡದ ಬೇರನ್ನು ಮುರಿದು ಮರಿಯ ಬಾಯಿಗಿಟ್ಟಳು. “ಇದರ ರುಚಿ ಇನ್ನೂ ಯಾವ ಹುಳಕ್ಕೂ ಗೊತ್ತಿಲ್ಲ. ರೂಢಿಯಾಗದಂತೆ ಕಾಯಬೇಕು ಅಕ್ಕ, ನಿನ್ನ ದಡದಲ್ಲೂ, ನನ್ನ ದಡದಲ್ಲೂ.”

“ಕಾಯೋಣ,” ಎಂದಳು ದುಂಡವ್ವ.

ಎರಡು ದಡದ ದನಿಗಳೂ ಒಂದೇ ಕಡೆಯಿಂದ ಕೇಳಿಸಿದಾಗ, ಹೊಟ್ಟೆಯೊಳಗಿನ ಹುಳ ಮೊದಲ ಸಲ ಹೆದರಿತು.