ಖಾಲಿ ಬಿಟ್ಟ ಒಂಬತ್ತು ಸಾಲು

ಹಿಮಬೆಟ್ಟದ ಹೆಗಲ ಮೇಲೆ ಎರಡು ಕೋಣೆಯ ಒಂದು ಕಲ್ಲುಮನೆ. ಅದೇ ಸಂಶೋಧನಾ ಕೇಂದ್ರ. ಚಳಿಗಾಲದ ಐದು ತಿಂಗಳು ಅಲ್ಲಿಗೆ ದಾರಿಯೇ ಇರುತ್ತಿರಲಿಲ್ಲ.

ಅಲ್ಲಿ ನಾಗವ್ವ ಇದ್ದರು. ಅಡುಗೆಗೆಂದು ಬಂದವರು, ಮೂವತ್ತು ಚಳಿಗಾಲ ಹಿಮ ಅಳೆದು ಅಳೆದು ಗುರುವಾಗಿದ್ದರು. ಕಲಿಯಲು ಬಂದವನು ಸುಮುಖ.

ಕೆಲಸ ಒಂದೇ. ಬೆಳಿಗ್ಗೆ ಬಾಗಿಲಿಗೆ ಕಟ್ಟಿದ ಹಗ್ಗ ಹಿಡಿದು ಕಣಿವೆಯಂಚಿನ ಅಳತೆಕಂಬದವರೆಗೆ ಹೋಗುವುದು. ಹಿಮ ಎಷ್ಟು ಎತ್ತರಕ್ಕಿದೆ ನೋಡುವುದು. ಬಂದು ದಪ್ಪ ಪುಸ್ತಕದಲ್ಲಿ ದಿನಕ್ಕೊಂದು ಸಾಲು ಬರೆಯುವುದು.

ಆ ಪುಸ್ತಕದಲ್ಲಿ ಒಂದು ಕಡೆ ಒಂಬತ್ತು ಸಾಲು ಖಾಲಿ ಇದ್ದವು. ಅದಕ್ಕೆ ಮೊದಲು ಮುತ್ತಿನಂಥ ಅಕ್ಷರ. ಆಮೇಲೆ ಕಾಗೆ ಕಾಲು, ಗುಬ್ಬಿ ಕಾಲು. ಸುಮುಖ ಅದನ್ನು ನೋಡಿದಾಗಲೆಲ್ಲ ನಗುತ್ತಿದ್ದ.

ಅವನ ಪ್ರಬಂಧ ಆ ಒಂಬತ್ತು ಸಾಲಿನಲ್ಲಿ ಸಿಕ್ಕಿಕೊಂಡಿತ್ತು. ಅಳತೆ ನಡುವೆ ತುಂಡಾಗಿದ್ದರೆ ಪ್ರಬಂಧ ಪರೀಕ್ಷಿಸುವ ಪಂಡಿತರು ಒಪ್ಪುವುದಿಲ್ಲ. ಎರಡು ವರ್ಷದ ದುಡಿಮೆ ನೀರುಪಾಲು. ಅವನು ಹಿಂದಿನ ದಿನದ ಅಳತೆ ನೋಡಿದ, ಮುಂದಿನದು ನೋಡಿದ, ನಡುವಿನದನ್ನು ಲೆಕ್ಕ ಹಾಕಿ ಶಾಯಿಯಲ್ಲೇ ತುಂಬಿದ.

"ಅಮ್ಮ, ಇಲ್ಲೊಂದು ಸಹಿ."

ನಾಗವ್ವ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ನೋಡಿದರು. "ಇವನ್ನು ಯಾರು ಅಳೆದರು?"

"ಯಾರೂ ಅಳೆದಿಲ್ಲ. ಆದರೆ ಇಷ್ಟೇ ಇರಬೇಕು. ಹೆಚ್ಚೆಂದರೆ ಒಂದಂಗುಲ ಆಚೀಚೆ."

"ಓದಿದವನು ನೀನು," ಅಂದರು ನಾಗವ್ವ. ಸಹಿ ಹಾಕಲಿಲ್ಲ. "ಹೋಗು ತಮ್ಮಾ, ಇವತ್ತಿನದು ನೋಡಿಕೊಂಡು ಬಾ."

ಹೊರಗೆ ಗಾಳಿ ಎದ್ದಿತ್ತು. ನೆಲ ಯಾವುದು, ಆಕಾಶ ಯಾವುದು ತಿಳಿಯದಂಥ ಬಿಳುಪು. ಅರ್ಧ ದಾರಿಯಲ್ಲಿ ಹಗ್ಗ ಹಿಮದೊಳಗೆ ಹೂತುಹೋಗಿತ್ತು. ಸುಮುಖ ಅದನ್ನು ಬಿಟ್ಟು ನಾಲ್ಕು ಹೆಜ್ಜೆ ಇಟ್ಟ. ತಿರುಗಿ ನೋಡಿದರೆ ತನ್ನ ಹೆಜ್ಜೆಯೇ ಕಾಣಲಿಲ್ಲ. ಮಂಡಿಯೂರಿ ತಡಕಾಡಿದ. ಬಹಳ ಹೊತ್ತಿನ ಮೇಲೆ ಹಗ್ಗ ಕೈಗೆ ಸಿಕ್ಕಿತು. ಎದೆಗೆ ಒತ್ತಿಕೊಂಡು ಹಿಂದಿರುಗಿದ.

ಬಾಗಿಲಲ್ಲಿ ನಾಗವ್ವ ಹಗ್ಗದ ಈ ತುದಿ ಹಿಡಿದು ನಿಂತೇ ಇದ್ದರು. ಹುಬ್ಬಿನ ಮೇಲೆ ಹಿಮ ಕೂತಿತ್ತು.

ಬಿಸಿ ಗಂಜಿ ಕೊಟ್ಟರು. ಪುಸ್ತಕವನ್ನೂ ಕೊಟ್ಟರು. "ಬರಿ."

"ಕಂಬ ಮುಟ್ಟಲಿಲ್ಲ ಅಮ್ಮ."

"ನಿನ್ನೆಯ ಅಳತೆ ಇದೆಯಲ್ಲ. ಕೂತಲ್ಲೇ ಒಂಬತ್ತು ದಿನ ಮುಟ್ಟಿ ಬಂದವನಿಗೆ ಇದೊಂದು ಕಷ್ಟವೇ?"

ಸುಮುಖನ ಹಲ್ಲು ಇನ್ನೂ ಕಟಕಟ ಅನ್ನುತ್ತಿದ್ದವು. "ಆ ಒಂಬತ್ತು ದಿನ ಯಾರೂ ಯಾಕೆ ಹೋಗಲಿಲ್ಲ?"

"ಮೊದಲನೇ ದಿನ ಹೋಗಿದ್ದರು. ಹಂಪಯ್ಯ ಮೇಷ್ಟ್ರು, ನನಗೆ ಅಂಕಿ ಕಲಿಸಿದವರು. ಆಗ ಹಗ್ಗ ಇರಲಿಲ್ಲ. ಉಳಿದ ಎಂಟು ದಿನ ನಾನು ಅವರನ್ನು ಹುಡುಕಿದೆ."

"ಸಿಕ್ಕರಾ?"

"ಇಲ್ಲ. ಹತ್ತನೇ ದಿನ ಹಗ್ಗ ಕಟ್ಟಿದೆ. ನೀನು ನೋಡಿ ನಗುತ್ತೀಯಲ್ಲ, ಆ ಅಕ್ಷರ ಅವತ್ತು ಶುರುವಾದದ್ದು."

ಗಂಜಿ ಆರುತ್ತಿತ್ತು. ಸುಮುಖ ಮುಟ್ಟಲಿಲ್ಲ.

"ತಪ್ಪಾಯಿತು ಅಮ್ಮ. ಅಳಿಸಿಬಿಡುತ್ತೇನೆ."

ನಾಗವ್ವ ಪುಸ್ತಕವನ್ನು ಅವನ ಕಡೆಗೆ ತಿರುಗಿಸಿ ಮೊದಲ ಸಾಲಿನ ಮೇಲೆ ಬೆರಳಿಟ್ಟರು.

"ನಾಲ್ಕಡಿ ಎರಡಂಗುಲ ಅಂತ ಬರೆದಿದ್ದೀಯ. ಅಂದರೆ ಮೇಷ್ಟ್ರು ಕಂಬದವರೆಗೆ ಹೋದರು, ನೋಡಿದರು. ಎಷ್ಟು ಹೊತ್ತಿಗೆ ಮನೆಗೆ ಬಂದರು ಅನ್ನುವುದನ್ನೂ ಲೆಕ್ಕ ಹಾಕಿ ಬರೆದುಬಿಡು. ಸಹಿ ಹಾಕುತ್ತೇನೆ."