ಮುದ್ದಹನುಮ ಹಿಡಿದ ರೈಲು

ನಾನೂರು ರೂಪಾಯಿಯ ವ್ಯಾಪಾರ. ಮಾಲು ಏನಪ್ಪಾ ಅಂದರೆ ಒಂದು ಮರದ ರೈಲು: ಎಂಜಿನ್ನು ಒಂದು, ಬೋಗಿ ಐದು. ಕೊಳ್ಳುವವರು ಸಿನಿಮಾ ಕಂಪನಿಯವರು. ಐವತ್ತು ಮುಂಗಡ, ಮಿಕ್ಕ ಮುನ್ನೂರೈವತ್ತು ಪಿಕ್ಚರು ತೆರೆಗೆ ಬಂದ ದಿನ. ಚನ್ನಪಟ್ಟಣದ ಬೊಂಬೆ ಮಾಡುವವರ ಬೀದಿಯಲ್ಲಿ ಅಂಥಾ ಬೇರ ಆ ವರ್ಷ ಯಾರಿಗೂ ಕುದುರಿರಲಿಲ್ಲ. ಕುದುರಿದ್ದು ಹೊಂಬಾಳಮ್ಮನಿಗೆ.

ಹೊಂಬಾಳಮ್ಮ ಗಂಡ ಸತ್ತ ಮೇಲೂ ಲೇತು ನಿಲ್ಲಿಸಿದವಳಲ್ಲ. ಕಾಲಲ್ಲಿ ತುಳಿಯುವ ಹಳೇ ಲೇತು. ತುಳಿಯುತ್ತಾ ಉಳಿ ಹಿಡಿದು ಹಾಲೆ ಮರ ಕಡೆದು, ಅರಗಿನ ಬಣ್ಣ ಹಚ್ಚಿ ಮಿಂಚಿಸಿ, ಇಷ್ಟು ವರ್ಷ ಸಂಸಾರ ತಳ್ಳಿದ್ದಳು. ಈಗ ಮಂಡಿ ಕೈಕೊಟ್ಟಿತ್ತು. ತುಳಿಯೋದು ಬಿಡಬೇಕಮ್ಮ ಅಂದಿದ್ದರು ಡಾಕ್ಟರು. ಬಿಟ್ಟರೆ ಹೊಟ್ಟೆಗೇನು? ಲೇತಿಗೊಂದು ಕರೆಂಟಿನ ಮೋಟಾರು ಕೂರಿಸಿಕೊಂಡರೆ ಬಚಾವು. ಮೋಟಾರಿನ ಬೆಲೆ ಮುನ್ನೂರೈವತ್ತು. ಲೆಕ್ಕವೇನೋ ಸರಿಹೋಗಿತ್ತು. ಸರಿಯಿಲ್ಲದೆ ಇದ್ದದ್ದು ಮಗ ಒಬ್ಬನೇ.

ಮಗನ ಹೆಸರು ಮುದ್ದಹನುಮ. ಮೈ ನೋಡಿದರೆ ಎತ್ತು, ತಲೆ ತಟ್ಟಿದರೆ ಖಾಲಿ ಗಡಿಗೆ. ಹೇಳಿದ ಮಾತು ಕೇಳದ ಮಕ್ಕಳು ಊರ ತುಂಬ ಇದ್ದರು. ಇವನು ಕೇಳುತ್ತಿದ್ದ, ಅದೇ ಕಷ್ಟ. ಏನು ಹೇಳಿದರೂ ‘ಆಯ್ತು ಕಣವ್ವ’ ಅನ್ನೋನು. ಮುದ್ದ ಆಯ್ತು ಅಂದರೆ ಆಯ್ತು. ಆಮೇಲೆ ದೇವರು ಅಡ್ಡ ನಿಂತರೂ ಬದಲಿಲ್ಲ.

ಕಂಪನಿಯವರಿಗೆ ಮರದ ರೈಲು ಯಾಕೆ ಬೇಕಾಯಿತು ಅಂತ ಕೇಳಬಹುದು. ಕತೆಯಲ್ಲಿ ನಾಯಕಿ ತವರಿಗೆ ಹೊರಟಿರುತ್ತಾಳೆ, ಸೇತುವೆ ಮುರಿದು ರೈಲು ಹೊಳೆಗೆ ಬೀಳುತ್ತೆ, ಅವಳು ಸಾಯುತ್ತಾಳೆ, ನಾಯಕ ಹಾಡು ಹೇಳಿಕೊಂಡು ಅಲೆಯುತ್ತಾನೆ. ನಿಜವಾದ ರೈಲನ್ನು ಹೊಳೆಗೆ ಕೆಡವುತ್ತೇವೆ ಅಂದರೆ ರೈಲ್ವೆಯವರು ಸುಮ್ಮನಿರುತ್ತಾರೆಯೇ? ಅದಕ್ಕೇ ಮರದ್ದು. ಮೈಸೂರಿನ ಸ್ಟುಡಿಯೋದಲ್ಲಿ ಮರಳು ಸುರಿದು ದಡ, ಸಿಮೆಂಟು ತೊಟ್ಟಿಯಲ್ಲಿ ಹೊಳೆ, ಅದರ ಮೇಲೆ ಕಡ್ಡಿಯ ಸೇತುವೆ ಕಟ್ಟಿಟ್ಟು ಕಾಯುತ್ತಿದ್ದರು.

ಹೊಂಬಾಳಮ್ಮನಿಗೆ ಮಂಡಿ ಮಡಿಸಿ ರೈಲು ಹತ್ತೋಕೆ ಆಗದು. ಮಗನನ್ನೇ ಕಳಿಸಬೇಕು. ಮಾಲನ್ನು ಹಳೇ ಪಂಚೆಯಲ್ಲಿ ಸುತ್ತಿ ಗಂಟು ಕಟ್ಟಿ ಕೊಟ್ಟಳು. ದಾರಿಯಲ್ಲಿ ಜನ ನೋಡ್ತೀನಿ ಅಂತಾರೆ, ಮುರಿದು ಹಾಕ್ತಾರೆ, ಯಾರ ಕೈಗೂ ಕೊಡಬೇಡ ಅಂತ ಹೇಳಿದಳು.

“ಆಯ್ತು ಕಣವ್ವ,” ಅಂದ ಮುದ್ದ.

ಹೋದ. ಸ್ಟುಡಿಯೋದ ಮ್ಯಾನೇಜರು ರಂಗಧಾಮಯ್ಯ ಗೇಟಿನಲ್ಲೇ ಎದುರುಗೊಂಡರು. ತಾ ಅಂದರು. ಕೊಡಲಿಲ್ಲ. ಡೈರೆಕ್ಟರು ಕೈ ಚಾಚಿದರು. ಕೊಡಲಿಲ್ಲ. ಲೈಟಿನ ಹುಡುಗರು ಇಬ್ಬರು ಎಳೆದು ನೋಡಿದರು. ಮುದ್ದ ಗಂಟಿನ ಮೇಲೆ ಮಗುಚಿ ಮಲಗಿಬಿಟ್ಟ. ಎತ್ತಿನಂಥವನನ್ನು ಎಬ್ಬಿಸುವವರು ಯಾರು? ಸಂಜೆಯಾಗುತ್ತಲೂ ಎದ್ದು ಪಂಚೆ ಕೊಡವಿ, ಗಂಟು ಹೊತ್ತು ಸೀದಾ ಮನೆಗೆ ಬಂದ. ಗಂಟು ಬಿಚ್ಚದೆ ವಾಪಸ್ಸು ಬಂದದ್ದು ನೋಡಿ ಹೊಂಬಾಳಮ್ಮ ಹಣೆ ಚಚ್ಚಿಕೊಂಡಳು.

“ಲೋ ಬಡ್ಡೆತ್ತದೆ, ಕೇಳಿದೋರ ಕೈಗೆ ಕೊಡಬೇಕು ಕಣೋ. ಕೇಳಿದ ತಕ್ಷಣ ಕೊಡಬೇಕು.”

“ಆಯ್ತು ಕಣವ್ವ.”

ಮಾರನೇ ದಿನ ಮೈಸೂರು ರೈಲು ಹತ್ತಿದ. ಮಂಡ್ಯದಲ್ಲಿ ಒಂದು ಹೆಣ್ಣುಮಗು ಗಂಟಿನ ಸಂದಿಯಿಂದ ಕಂಡ ಕೆಂಪು ಬೋಗಿ ಬೇಕು ಅಂತು. ಕೊಟ್ಟ. ಅದರ ತಮ್ಮ ತನಗೂ ಅಂದ. ಕೊಟ್ಟ. ಪಾಂಡವಪುರದಲ್ಲಿ ಹತ್ತಿದ ಮದುವೆ ದಿಬ್ಬಣದ ಮಕ್ಕಳು ಅಷ್ಟೂ ಕೈ ಚಾಚಿದವು. ದಿಬ್ಬಣದ ಹಿರಿಯರೊಬ್ಬರು, ಪಾಪ, ಎಷ್ಟು ಕೊಡಬೇಕಪ್ಪ ಅಂತ ಜೇಬಿಗೆ ಕೈ ಹಾಕಿದರೆ, ಇವನು ಕಾಸಿನ ವಿಷಯ ಅವ್ವ ಏನೂ ಹೇಳಿಲ್ಲ ಬುದ್ದಿ ಅಂದನಂತೆ. ಮೈಸೂರು ತಲುಪುವ ಹೊತ್ತಿಗೆ ಗಂಟಿನಲ್ಲಿ ಉಳಿದದ್ದು ಎಂಜಿನ್ನು ಮಾತ್ರ. ಅದೂ ಹೊಗೆ ಕೊಳವೆ ಚುಚ್ಚುತ್ತೆ ಅಂತ ಯಾರೂ ಕೇಳಿರಲಿಲ್ಲ. ಬರೀ ಎಂಜಿನ್ನಿನಲ್ಲಿ ನಾಯಕಿ ಎಲ್ಲಿ ಕೂರುತ್ತಾಳೆ ಅಂತ ಡೈರೆಕ್ಟರು ಕೂಗಾಡಿ ವಾಪಸ್ಸು ಅಟ್ಟಿದರು.

ಹೊಂಬಾಳಮ್ಮ ಕಣ್ಣಲ್ಲಿ ನೀರು ಹಾಕಿಕೊಂಡು ಮತ್ತೆ ಲೇತಿಗೆ ಕೂತಳು. ಒಂದು ಬೋಗಿ ಕಡೆಯೋದು, ಮಂಡಿಗೆ ಹರಳೆಣ್ಣೆ ತಿಕ್ಕೋದು, ಇನ್ನೊಂದು ಬೋಗಿ ಕಡೆಯೋದು. ಹಾಗೆ ಐದು ಮುಗಿದ ಮೇಲೆ ಮಗನನ್ನು ಎದುರಿಗೆ ಕೂರಿಸಿಕೊಂಡು ವ್ಯಾಪಾರ ಅಂದರೆ ಏನು ಅಂತ ಹೇಳಿಕೊಟ್ಟಳು.

“ಕಾಸು ಎಣಿಸಿಕೊಳ್ಳದೆ ಒಂದು ಚಕ್ರಾನೂ ಅಲ್ಲಾಡಬಾರದು, ನೀನೂ ಪುಕ್ಕಟೆ ಒಂದು ಕೆಲಸಾನೂ ಮಾಡಬಾರದು. ತಿಳೀತಾ?”

“ಆಯ್ತು ಕಣವ್ವ.”

ಈ ಸಲ ಮಾಲು ಪೂರ್ತಿ ತಲುಪಿತು. ಹಳಿಯ ಮೇಲೆ ನಿಲ್ಲಿಸಿದರು, ಎಂಜಿನ್ನಿಗೆ ಸಣ್ಣ ದಾರ ಕಟ್ಟಿದರು, ಊದುಕಡ್ಡಿಯಿಂದ ಹೊಗೆ ಬರಿಸಿದರು, ಲೈಟು ಹಾಕಿದರು. ಕ್ಯಾಮೆರಾ ತಿರುಗಿತು, ದಾರ ಎಳೆದರು, ರೈಲು ಅಲ್ಲಾಡಲಿಲ್ಲ. ನೋಡಿದರೆ ಮುದ್ದ ಹೊಳೆಯ ದಡದಲ್ಲಿ ಬೋರಲು ಮಲಗಿ ಗಾರ್ಡಿನ ಬೋಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾನೆ. ಕಾಸು ಇಡಿ, ಬಿಡ್ತೀನಿ ಅಂದ. ಪಿಕ್ಚರು ಬಿಡುಗಡೆಯ ದಿನ ಕೊಡುವ ಮಾತಾಗಿದೆ ಅಂತ ರಂಗಧಾಮಯ್ಯ ತಿಳಿ ಹೇಳಿದರೆ, ಹಾಗಾದರೆ ಅವತ್ತೇ ಬಿಡ್ತೀನಿ ಸಾಮಿ ಅಂದ. ಆ ಹೊತ್ತಿಗೆ ಊದುಕಡ್ಡಿ ಮುಗಿದಿತ್ತು, ಲೈಟಿನ ಬಾಡಿಗೆಯೂ ಮುಗಿದಿತ್ತು. ನಾಳೆ ಕೊನೇ ದಿನ, ನಾಳೆಯೂ ಕೆಟ್ಟರೆ ಬೇರ ಮುರಿಯಿತು ಅಂತ ನಿನ್ನ ತಾಯಿಗೆ ಹೇಳು ಅಂದು ಗಂಟು ಕಟ್ಟಿ ಕಳಿಸಿದರು.

ಅಷ್ಟಕ್ಕೆ ಮುಗಿಯಲಿಲ್ಲ. ವಾಪಸ್ಸು ಬರುವಾಗ ಗಂಟನ್ನು ಮೇಲಿನ ಹಲಗೆಯ ಮೇಲೆ ಇಟ್ಟಿದ್ದ. ಮದ್ದೂರಿನ ಹತ್ತಿರ ಗಂಟು ಜಾರಿತು. ಜಾರುತ್ತಾ ಜಾರುತ್ತಾ ಅಂಚಿಗೆ ಬಂತು. ಇವನು ಕೆಳಗೆ ಕೂತು ನೋಡುತ್ತಲೇ ಇದ್ದ. ಧಡ್ ಅಂತ ಬಿತ್ತು, ಹೊಗೆ ಕೊಳವೆ ಮುರಿಯಿತು.

ಯಾಕೋ ಹಿಡೀಲಿಲ್ಲ ಅಂತ ಹೊಂಬಾಳಮ್ಮ ಕೇಳಿದಳು.

“ಕಾಸು ಯಾರೂ ಕೊಟ್ಟಿರಲಿಲ್ಲ ಕಣವ್ವ.”

ಅವಳು ಕೊಳವೆಯನ್ನು ಅರಗಿನಲ್ಲಿ ಅಂಟಿಸುತ್ತಾ, ಕಾಸಿನ ಸುದ್ದಿ ನಿನಗೆ ಬೇಡಪ್ಪ, ಅದು ನನಗಿರಲಿ ಅಂದಳು. ಅವರ ಕೆಲಸಕ್ಕೆ ಅಡ್ಡ ಹೋಗಬೇಡ, ಒಂದು ಮೂಲೆಯಲ್ಲಿ ನಿಂತಿರು ಅಂದಳು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕೈಯಲ್ಲಿದ್ದ ಕೊಳವೆ ನೋಡಿ ಹೊಟ್ಟೆ ಉರಿದು ಇನ್ನೊಂದು ಮಾತು ಸೇರಿಸಿದಳು.

“ನಮ್ಮ ರೈಲು ಬೀಳೋದು ಕಂಡರೆ ಮಾತ್ರ ಬಿಡಬೇಡ. ಹಾರಿ ಹೋಗಿ ಹಿಡ್ಕೋ.”

“ಆಯ್ತು ಕಣವ್ವ.”

ಸೇತುವೆಗೆ ಪಟಾಕಿ ಮದ್ದು ತುಂಬಿದ್ದರು. ಒಂದೇ ಸೇತುವೆ, ಒಂದೇ ಸಲ. ಡೈರೆಕ್ಟರು ತೆಂಗಿನಕಾಯಿ ಒಡೆದರು, ಕರ್ಪೂರ ಹಚ್ಚಿದರು. ಮುದ್ದ ಮೂಲೆಯಲ್ಲಿ ಕಂಬದ ಹಾಗೆ ನಿಂತಿದ್ದ. ಇವತ್ತು ಪುಣ್ಯಾತ್ಮ ಸುಧಾರಿಸಿದ್ದಾನೆ ಅಂತ ರಂಗಧಾಮಯ್ಯ ಅಂದುಕೊಂಡರು. ದಾರ ಎಳೆದರು. ರೈಲು ಹೊರಟಿತು, ಸೇತುವೆ ಹತ್ತಿತು. ಢಂ ಅಂತು. ಸೇತುವೆ ಮುರಿಯಿತು, ಎಂಜಿನ್ನು ಮೂತಿ ತಗ್ಗಿಸಿತು, ಬೋಗಿಗಳು ಒಂದರ ಹಿಂದೆ ಒಂದು ವಾಲಿದವು. ಮುದ್ದ ಹಾರಿದ. ತೊಟ್ಟಿಯ ಅಂಚಿಗೆ ಹೊಟ್ಟೆ ಕೊಟ್ಟು, ತೋಳು ಚಾಚಿ, ಇಡೀ ರೈಲನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿದ. ಒಂದು ತೊಟ್ಟು ನೀರು ತಾಗಲಿಲ್ಲ.

ಡೈರೆಕ್ಟರು ಅಲ್ಲೇ ಕುಕ್ಕರಿಸಿದರು. ಮುದ್ದ ರೈಲನ್ನು ಪಂಚೆಯಲ್ಲಿ ಒರೆಸಿ ಅವರ ತೊಡೆಯ ಮೇಲಿಟ್ಟು, ಏನೂ ಆಗಿಲ್ಲ ಬುದ್ದಿ, ನೋಡ್ಕೊಳ್ಳಿ ಅಂದ. ಬೇರ ಮುರಿಯಿತು. ಹೊಂಬಾಳಮ್ಮ ಸುದ್ದಿ ಕೇಳಿ ಊಟ ಬಿಟ್ಟು ಮಲಗಿದಳು. ಮೋಟಾರು ಅನ್ನೋ ಮಾತೇ ಆ ಮನೆಯಲ್ಲಿ ನಿಂತುಹೋಯಿತು.

ಆದರೆ ಸಿನಿಮಾದವರ ವ್ಯಾಪಾರ ಬೇರೆ ಥರ. ಕೆಲವು ದಿನ ಕಳೆದು ರಂಗಧಾಮಯ್ಯ ಹಣ್ಣು ಹೂವು ಹಿಡಿದುಕೊಂಡು ಬೀದಿಗೆ ಬಂದರು. ಫಿಲಂ ತೊಳೆದು ಹಾಕಿ ನೋಡಿದರಂತೆ. ರೈಲು ನಿಧಾನವಾಗಿ ಹೊಳೆಗೆ ಬೀಳುತ್ತಿದೆ. ಆಗ ಆಕಾಶದಿಂದ ಬೆಟ್ಟದಂಥ ಕೈಯೊಂದು ಇಳಿದು ಬಂದು ರೈಲನ್ನು ಎತ್ತಿಕೊಳ್ಳುತ್ತದೆ. ಕಲರ್ ಪಿಕ್ಚರು ಬೇರೆ. ಹೊಗೆ ಕೊಳವೆಯ ಕೆಂಪು ಅರಗು ಮೆತ್ತಿದ ಮುದ್ದನ ಬೆರಳು ಕುಂಕುಮದಲ್ಲಿ ಅದ್ದಿದ ಹಾಗೆ ಕೆಂಪಗೆ ಹೊಳೆಯುತ್ತಿದೆ. ದುಡ್ಡು ಹಾಕಿದ ಸಾಹುಕಾರರ ಹೆಂಡತಿ ಕುರ್ಚಿ ಬಿಟ್ಟೆದ್ದು, ಅಮ್ಮನವರ ಕೈ ಅಂತ ಅಡ್ಡಬಿದ್ದರಂತೆ. ಅಲ್ಲಿಗೆ ಕತೆ ಬದಲಾಯಿತು. ನಾಯಕಿ ಸಾಯಲಿಲ್ಲ, ನಾಯಕ ಅಲೆಯಲಿಲ್ಲ, ಪಿಕ್ಚರು ಭಕ್ತಿಯ ಪಿಕ್ಚರಾಯಿತು.

“ಬೇರ ಮುರಿದಿಲ್ಲ ತಾಯಿ,” ಅಂದರು ರಂಗಧಾಮಯ್ಯ. “ನಿಮ್ಮೂರ ಟೆಂಟಿನಲ್ಲಿ ಬಿಡುಗಡೆಯ ದಿನ ನಾನೇ ಬಂದು ಕೈಗೆ ಕೊಡ್ತೀನಿ.” ಹೊರಡುವಾಗ ಮುದ್ದನ ಬೆನ್ನು ತಟ್ಟಿ, ಭೇಷ್ ಹಿಡಿದೆ ಕಣಯ್ಯ, ಎಲ್ಲಿ ಕಂಡರೂ ಹೀಗೇ ಹಿಡಿ ಅಂತ ನಕ್ಕರು.

“ಆಯ್ತು ಸಾಮಿ,” ಅಂದ ಮುದ್ದ. ಹೊಂಬಾಳಮ್ಮ ಹಣ್ಣು ಎಣಿಸುತ್ತಿದ್ದಳು, ಕಿವಿಗೆ ಬೀಳಲಿಲ್ಲ.

ಬಿಡುಗಡೆಯ ದಿನ ಟೆಂಟಿಗೆ ಜನವೋ ಜನ. ರಂಗಧಾಮಯ್ಯ ಮಾತು ತಪ್ಪಲಿಲ್ಲ. ಮುನ್ನೂರೈವತ್ತು ರೂಪಾಯಿ ಎಣಿಸಿ ಕೊಟ್ಟು ತಾಯಿ ಮಗನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಹೊಂಬಾಳಮ್ಮ ನೋಟುಗಳನ್ನು ಸೊಂಟದ ಸೀರೆ ಮಡಿಕೆಗೆ ಸಿಕ್ಕಿಸಿಕೊಂಡು, ಮೋಟಾರನ್ನು ಕಿಟಕಿ ಪಕ್ಕ ಕೂರಿಸಲೋ ಬಾಗಿಲ ಪಕ್ಕವೋ ಅಂತ ಯೋಚಿಸುತ್ತಾ ಪಿಕ್ಚರು ನೋಡಿದಳು. ರೈಲು ಬಂತು. ಸೇತುವೆ ಹತ್ತಿತು. ಢಂ ಅಂತು. ಹೆಂಗಸರು ಸೆರಗು ಬಾಯಿಗೆ ಹಿಡಿದರು. ಹೊಂಬಾಳಮ್ಮನಿಗೆ ಪಕ್ಕದ ಜಾಗ ಹಗುರಾದದ್ದು ಆಗ ತಿಳಿಯಿತು.

ಅಮ್ಮನವರ ಕೈ ಆಕಾಶದಿಂದ ಇಳಿಯುವ ಮೊದಲೇ ಮುದ್ದ ಎರಡೂ ತೋಳು ಚಾಚಿ ಪರದೆಯೊಳಕ್ಕೆ ಹೊಕ್ಕಿದ್ದ. ಹೊಕ್ಕವನು ಆ ಕಡೆ ಬಿದ್ದ. ಪರದೆ ಮೇಲಿಂದ ಕೆಳಗಿನವರೆಗೆ ಎರಡು ಸೀಳಾಯಿತು.

ಟೆಂಟಿನ ಮಾಲೀಕರು ಒಳ್ಳೆಯವರೇ, ಆದರೆ ವ್ಯಾಪಾರಸ್ಥರು. ಹೊಸ ಪರದೆಗೆ ಮುನ್ನೂರು, ಟಿಕೆಟ್ಟು ವಾಪಸ್ಸು ಕೊಟ್ಟದ್ದಕ್ಕೆ ಐವತ್ತು ಅಂದರು. ಹೊಂಬಾಳಮ್ಮ ಚೌಕಾಸಿಗೆ ನಿಂತಳು. ಹರಿದ ಪರದೆ ನನಗೇ ಬಿಡಬೇಕು ಅಂದಳು. ಮುನ್ನೂರೈವತ್ತೂ ಎಣಿಸಿಕೊಂಡು ಪರದೆ ಬಿಟ್ಟರು.

ಮಾರನೇ ಬೆಳಗ್ಗೆ ಆ ಬಟ್ಟೆಯನ್ನು ಚೀಲ ಹೊಲಿಯುವವನಿಗೆ ಮಾರಲು ಹೊರಟವಳು ಬಾಗಿಲಲ್ಲಿ ನಿಂತು ಮಗನನ್ನು ನೋಡಿದಳು. ಇವನು ಊರೊಳಗೆ ಬಿದ್ದರೆ ಇನ್ನೇನು ಹಿಡಿಯುತ್ತಾನೋ. ಲೇತಿನ ಮುಂದೆ ಕೂರಿಸಿ, ತೊಡೆಯಷ್ಟು ದಪ್ಪದ ಕೊರಡು ಸಿಕ್ಕಿಸಿ, ಕೈಗೆ ಉಳಿ ಕೊಟ್ಟಳು.

“ಮುಟ್ಟೋದು ಬೇಡ, ಹಿಡಿಯೋದು ಬೇಡ. ಉಳಿ ಒತ್ತಿಕೊಂಡು ತುಳೀತಾ ಇರು. ನಾನು ಸಾಕು ಅನ್ನೋವರೆಗೂ ನಿಲ್ಲಿಸಬೇಡ.”

“ಆಯ್ತು ಕಣವ್ವ.”

ಚೀಲದವನ ಹತ್ತಿರ ಬೇರ ಕುದುರಲು ಮಧ್ಯಾಹ್ನವಾಯಿತು. ಬರುವಾಗ ಲೇತಿನ ಸದ್ದು ಬೀದಿಯ ತುದಿಗೇ ಕೇಳುತ್ತಿತ್ತು. ಒಳಗೆ ಮಂಡಿಯ ಮಟ್ಟಕ್ಕೆ ಹೊಟ್ಟು. ಅದರ ನಡುವೆ ಮುದ್ದ, ಬೆಳಗ್ಗೆ ಎಷ್ಟು ಜೋರಿತ್ತೋ ಅಷ್ಟೇ ಜೋರಾಗಿ ತುಳಿಯುತ್ತಾ ಇದ್ದ. ಲೇತಿನಲ್ಲಿ ಕೊರಡು ಇರಲಿಲ್ಲ. ಹಲ್ಲಿಗೆ ಚುಚ್ಚುವ ಕಡ್ಡಿಯಷ್ಟು ಏನೋ ಒಂದು ಗಿರ್ರನೆ ತಿರುಗುತ್ತಿತ್ತು.

ಹೊಂಬಾಳಮ್ಮ ಬೈಯಲು ಬಾಯಿ ತೆರೆದಳು. ತೆರೆದವಳು ಅವನ ಕಾಲು ನೋಡಿದಳು. ಮೆಲ್ಲಗೆ ಬಾಯಿ ಮುಚ್ಚಿಕೊಂಡು, ಇನ್ನೊಂದು ಕೊರಡು ಸಿಕ್ಕಿಸಿ, ಉಳಿಯನ್ನು ಅವನ ಕೈಯಿಂದ ತನ್ನ ಕೈಗೆ ತೆಗೆದುಕೊಂಡಳು.

ನಾನೂರು ರೂಪಾಯಿಯ ವ್ಯಾಪಾರದಲ್ಲಿ ಕಡೆಗೆ ಉಳಿದದ್ದು ಇಷ್ಟು: ಮುಂಗಡದ ಐವತ್ತು ಮರಕ್ಕೂ ಅರಗಿಗೂ ರೈಲಿನ ಟಿಕೆಟ್ಟಿಗೂ ಹೋಯಿತು. ಪರದೆಯ ಬಟ್ಟೆಗೆ ಹದಿನೆಂಟು ರೂಪಾಯಿ ಬಂತು. ಹೊಟ್ಟು ಮೂರು ಮೂಟೆ. ಹಲ್ಲುಕಡ್ಡಿ ಒಂದು. ಮತ್ತೆ, ಕರೆಂಟು ಕೇಳದ, ಮೂರು ಹೊತ್ತು ಮುದ್ದೆ ನುಂಗುವ ಮೋಟಾರು ಒಂದು.